ಹೊಗೆ ಹೂಳುವ ಯಂತ್ರ

ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಯಂತ್ರದಿಂದ ಹೀರಿ ನೆಲದಡಿ ಹೂತುಬಿಡುತ್ತಾರಂತೆ, ಇನ್ನು ಭೂಮಿ ಬಿಸಿಯಾಗುವ ಚಿಂತೆ ಬೇಡವಂತೆ! ಹೀಗೆ ನಿರಾಳವಾಗಿ ಮಾತಾಡುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಯಂತ್ರದ ಮೇಲಲ್ಲ, ಆ ನಿರಾಳದ ಮೇಲೆ.

ಯಂತ್ರವೇನೂ ಸುಳ್ಳಲ್ಲ. ಐಸ್‌ಲೆಂಡಿನಲ್ಲಿ ಕ್ಲೈಮ್‌ವರ್ಕ್ಸ್ ಎಂಬ ಸ್ವಿಸ್ ಕಂಪನಿ 2021ರಲ್ಲಿ ಒಂದನ್ನು, 2024ರಲ್ಲಿ ಅದಕ್ಕಿಂತ ದೊಡ್ಡದಾದ ‘ಮ್ಯಾಮತ್’ ಅನ್ನು ಶುರು ಮಾಡಿತು. ಸಾಲುಸಾಲು ಫ್ಯಾನುಗಳು ಗಾಳಿಯನ್ನೆಳೆಯುತ್ತವೆ. ಒಳಗಿನ ಫಿಲ್ಟರಿಗೆ ಅನಿಲ ಅಂಟಿಕೊಳ್ಳುತ್ತದೆ. ಸುಮಾರು 100 ಡಿಗ್ರಿಗೆ ಕಾಯಿಸಿದರೆ ಬಿಟ್ಟುಕೊಳ್ಳುತ್ತದೆ. ಅದನ್ನು ಸೋಡಾದ ಹಾಗೆ ನೀರಿನಲ್ಲಿ ಬೆರೆಸಿ ಆಳದ ಬಸಾಲ್ಟ್ ಕಲ್ಲಿಗೆ ಇಳಿಸುತ್ತಾರೆ. ಅಲ್ಲಿ ಮೊದಲು ಪ್ರಯೋಗಕ್ಕೆಂದು ಇಳಿಸಿದ ಅನಿಲದಲ್ಲಿ 100ಕ್ಕೆ 95 ಪಾಲು ಎರಡೇ ವರ್ಷದಲ್ಲಿ ಕಲ್ಲಾಗಿತ್ತೆಂದು ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದರು. ಓದಿ ನಾನೂ ಬೆರಗಾದೆ. ನಮ್ಮ ಗೋಲಗುಮ್ಮಟ ಕಟ್ಟಿದ ಕಪ್ಪುಕಲ್ಲೂ ಅದೇ ಜಾತಿಯದು.

ಆದರೆ ಲೆಕ್ಕ ಹಾಕಬೇಡವೇ? ಗಾಳಿಯ 10,000 ಪಾಲಿನಲ್ಲಿ ಈ ಅನಿಲ ನಾಲ್ಕು ಪಾಲಿಗಿಂತ ಚೂರು ಹೆಚ್ಚು, ಅಷ್ಟೇ. ಅಂದರೆ 10,000 ಅಕ್ಕಿಕಾಳಿನಲ್ಲಿ ನಾಲ್ಕು ಕಲ್ಲು. ಮೊರ ಹಿಡಿದು ಕೂತ ನಮಗೆ ಗೊತ್ತು, ಕಲ್ಲು ಕಡಿಮೆಯಿದ್ದಷ್ಟೂ ಹುಡುಕುವ ಕಣ್ಣಿಗೆ ದಣಿವು ಹೆಚ್ಚು. ಅದಕ್ಕೇ ಈ ಯಂತ್ರಕ್ಕೆ ಅಷ್ಟೊಂದು ವಿದ್ಯುತ್ತು, ಅಷ್ಟೊಂದು ಶಾಖ. ಟನ್ನಿಗೆ ನೂರಾರು ಡಾಲರು ಖರ್ಚು. ಐಸ್‌ಲೆಂಡಿಗೆ ಭೂಮಿಯೊಳಗಿನ ಬಿಸಿಯೇ ಒಲೆ. ಕಲ್ಲಿದ್ದಲು ಸುಟ್ಟ ಕರೆಂಟಿನಿಂದ ನಾವು ಹೊಗೆ ಹಿಡಿಯಹೊರಟರೆ ಏನು ಉಳಿದೀತು?

ಮ್ಯಾಮತ್ತಿನ ಪೂರ್ಣ ಸಾಮರ್ಥ್ಯ ವರ್ಷಕ್ಕೆ 36,000 ಟನ್. ಕಲ್ಲಿದ್ದಲು, ತೈಲ, ಗ್ಯಾಸು ಉರಿಸಿ ಜಗತ್ತು ಗಾಳಿಗೆ ಬಿಡುವುದು ವರ್ಷಕ್ಕೆ ಸುಮಾರು 3,700 ಕೋಟಿ ಟನ್. ಯಂತ್ರದ ಇಡೀ ವರ್ಷದ ದುಡಿಮೆ ನಮ್ಮ ಅರ್ಧ ನಿಮಿಷದ ಹೊಗೆಗೆ ಸಮ! ಏಳನೆಯ ತರಗತಿಯ ಮಕ್ಕಳಿಗೆ ಈ ಭಾಗಾಕಾರ ಕೊಟ್ಟೆ. ಎಲ್ಲೋ ಸೊನ್ನೆ ತಪ್ಪಿತೆಂದು ಪಾಪ, ಎರಡೆರಡು ಸಲ ಮಾಡಿದರು.

ಇನ್ನು, ಇದರಲ್ಲಿ ಯಾರಿಗೆ ಉತ್ಸಾಹ ಎಂಬುದನ್ನೂ ನೋಡಿ. ಅಮೆರಿಕದ ಟೆಕ್ಸಾಸಿನಲ್ಲಿ ವರ್ಷಕ್ಕೆ 5 ಲಕ್ಷ ಟನ್ ಹಿಡಿಯುವ ಸ್ಥಾವರಕ್ಕೆ ಕೈಹಾಕಿದ್ದು ಆಕ್ಸಿಡೆಂಟಲ್ ಎಂಬ ತೈಲ ಕಂಪನಿ. ಈ ತಂತ್ರ ಬಲ್ಲ ಕೆನಡಾದ ಕಂಪನಿಯೊಂದನ್ನು 2023ರಲ್ಲಿ 110 ಕೋಟಿ ಡಾಲರು ಕೊಟ್ಟು ಕೊಂಡೂಬಿಟ್ಟಿತು. ಇದೇ ಅನಿಲವನ್ನು ಹಳೆಯ ಬಾವಿಗಳಿಗೆ ತುರುಕಿ, ತಳದಲ್ಲಿ ಉಳಿದ ಎಣ್ಣೆಯನ್ನು ಮೇಲೆತ್ತುವುದು ಅದರ ಬಹುಕಾಲದ ಕಸುಬು. ಕಸ ಗುಡಿಸುತ್ತೇನೆಂದು ಬಂದವರು ಕಸದ ವ್ಯಾಪಾರಿಗಳೇ ಆದರೆ ಮನೆಯೊಡತಿ ಎಚ್ಚರವಾಗಿರಬೇಡವೇ?

ಹಾಲು ಉಕ್ಕುವಾಗ ನಾವು ಯಾರೂ ಮೊದಲು ಕಟ್ಟೆ ಒರೆಸುವುದಿಲ್ಲ, ಒಲೆ ಸಣ್ಣ ಮಾಡುತ್ತೇವೆ. ದೊಡ್ಡ ದೊಡ್ಡ ಸಭೆಗಳಲ್ಲಿ ಕೂರುವವರಿಗೆ ಈ ಬುದ್ಧಿ ಹೊಳೆಯದೆಂದಲ್ಲ. ‘ಮುಂದೆ ಯಾರೋ ಒರೆಸುತ್ತಾರೆ’ ಎನ್ನುವುದು ಅವರಿಗೆ ಅನುಕೂಲ. ಪಂಕ್ತಿಯಲ್ಲಿ ಮೊದಲು ಉಂಡೆದ್ದವರ ಎಲೆ ತೆಗೆದೂ ತೆಗೆದೂ ಸಾಕಾದ ನಮಗೆ ಈ ಅನುಕೂಲದ ಗುರುತು ಚೆನ್ನಾಗಿಯೇ ಇದೆ. ಈಗ ಎಲೆ ತೆಗೆಯಬೇಕಾದವರು ನಮ್ಮ ಮೊಮ್ಮಕ್ಕಳು.

ಯಂತ್ರ ಬೇಡವೆನ್ನುವುದಿಲ್ಲ. ಎಷ್ಟು ಪ್ರಯತ್ನಿಸಿದರೂ ನಿಲ್ಲಿಸಲಾಗದ ಹೊಗೆಗೆ, ಆಗಲೇ ಬಿಟ್ಟುಬಿಟ್ಟ ಹಳೆಯ ಹೊಗೆಗೆ ಅದು ಬೇಕಾದೀತು. ಆದರೆ ಅಮೆರಿಕದವನೊಬ್ಬನ ಲೆಕ್ಕಕ್ಕೆ ವರ್ಷಕ್ಕೆ ಸುಮಾರು 14 ಟನ್ ಬೀಳುತ್ತದೆ, ನಮ್ಮಲ್ಲಿ ತಲೆಗೆ ಸುಮಾರು 2. ಬಿಲ್ ಮೊದಲು ಅವರ ಬಾಗಿಲಿಗೆ ಹೋಗಲಿ. ಆಮೇಲೆ, ಕೋಣೆಗೊಂದು ಏಸಿ ಹಾಕಿಸಿಕೊಂಡು ‘ಹೇಗೂ ಯಂತ್ರ ಬಂದಿದೆಯಲ್ಲ ಟೀಚರ್’ ಎನ್ನುವ ನಮ್ಮೂರಿನವರ ಬಾಗಿಲಿಗೂ ಬರಲಿ.