ಸರ್ಕಾರಿ ವಕೀಲರನ್ನು ಕೇಳುವವರು ಯಾರು?

ಶಿರಾಡಿ ಘಾಟಿ ಹತ್ತಿ ಸಕಲೇಶಪುರ, ಆಲೂರು ಕಡೆಯ ಕಾಫಿ ತೋಟಗಳಲ್ಲಿ ನೆಲೆಸಿದ ನಮ್ಮ ಕರಾವಳಿಯ ಕುಟುಂಬಗಳು ಇಂದು ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಸೇರಿವೆ. ಅವರು ಮತ ಹಾಕುವುದು ಹಾಸನ ಲೋಕಸಭಾ ಕ್ಷೇತ್ರದಲ್ಲಿ. ಅದೇ ಕ್ಷೇತ್ರದ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರಿಗೆ ಮನೆಗೆಲಸದ ಮಹಿಳೆಯ ಮೇಲಿನ ಅತ್ಯಾಚಾರ ಪ್ರಕರಣದಲ್ಲಿ 2025ರ ಆಗಸ್ಟ್ 2ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು. ಅವರು ಮೇಲ್ಮನವಿ ಸಲ್ಲಿಸಿದ್ದಾರೆ. ಅಂತಿಮ ತೀರ್ಪು ಏನೇ ಬರಲಿ, ಒಬ್ಬ ಬಡ ಹೆಂಗಸಿನ ಮಾತು ಸುಮಾರು ಹದಿನೈದು ತಿಂಗಳಲ್ಲಿ ತೀರ್ಪಿನವರೆಗೆ ಬಂತು. ವಿಶೇಷ ತನಿಖಾ ತಂಡ ಇತ್ತು, ವಿಶೇಷ ಸರ್ಕಾರಿ ಅಭಿಯೋಜಕರು ಇದ್ದರು, ಇಡೀ ನಾಡು ನೋಡುತ್ತಿತ್ತು.

ಯಾರೂ ನೋಡದ ಕೇಸುಗಳ ಗತಿ ಏನು? ಎಲ್ಲರೂ ನೋಡಿದ ಕೇಸೇ ಬಿದ್ದುಹೋದದ್ದೂ ಉಂಟು. 2000ದ ಮಾರ್ಚ್ 11ರಂದು ಚಿಂತಾಮಣಿ ತಾಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಜೀವಂತ ಸುಡಲಾಯಿತು. ಸಾಕ್ಷಿಗಳು ತಿರುಗಿ ಬಿದ್ದರು. 2006ರಲ್ಲಿ ಆರೋಪಿಗಳೆಲ್ಲ ಖುಲಾಸೆಯಾದರು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು.

ಲೂಕನ ಶುಭಸಂದೇಶದ 18ನೇ ಅಧ್ಯಾಯದ ವಿಧವೆ ನ್ಯಾಯಾಧೀಶನ ಬಳಿಗೆ ತಾನೇ ಹೋಗಿ ಕಾಡಿದಳು. ನಮ್ಮ ಕ್ರಿಮಿನಲ್ ನ್ಯಾಯಾಲಯಗಳಲ್ಲಿ ಅವಳ ಪರವಾಗಿ ಎದ್ದು ನಿಲ್ಲುವವರು ಸರ್ಕಾರಿ ವಕೀಲರು. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಈ ಹುದ್ದೆಗೆ ಜನರೇ ಮತ ಹಾಕುತ್ತಾರೆ. ನಮ್ಮಲ್ಲಿ ಹಾಗಿಲ್ಲ, ಹಾಗಿರುವುದು ಒಳ್ಳೆಯದೆಂದೂ ನಮಗೆ ಅನಿಸುವುದಿಲ್ಲ. ಜಿಲ್ಲಾ ಸೆಷನ್ಸ್ ನ್ಯಾಯಾಲಯದ ಅಭಿಯೋಜಕರ ಹೆಸರುಗಳ ಪಟ್ಟಿಯನ್ನು ಜಿಲ್ಲಾಧಿಕಾರಿಗಳು ಸೆಷನ್ಸ್ ನ್ಯಾಯಾಧೀಶರೊಡನೆ ಸಮಾಲೋಚಿಸಿ ಸಿದ್ಧಪಡಿಸುತ್ತಾರೆ. ನೇಮಕ ರಾಜ್ಯ ಸರ್ಕಾರದ್ದು. ಆ ಸರ್ಕಾರವನ್ನು ಆರಿಸುವವರು ನಾವು. ಆದರೂ ಚುನಾವಣೆ ಬಂದಾಗ ರಸ್ತೆ, ಕಾಡಾನೆ, ಕಾಫಿ ಬೆಲೆ ಕೇಳುತ್ತೇವೆಯೇ ಹೊರತು ಇದನ್ನು ಕೇಳಿದವರಿಲ್ಲ.

ಕೇಳದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಎರಡು ಉದಾಹರಣೆ ಸಾಕು. 2020ರ ಆಗಸ್ಟ್‌ನಲ್ಲಿ ಬಿಜೆಪಿ ಸರ್ಕಾರ 61 ಕೇಸುಗಳನ್ನು ಹಿಂಪಡೆಯಲು ಆದೇಶಿಸಿತು. ಹೈಕೋರ್ಟ್ ತಡೆ ನೀಡಿತು. 2024ರ ಅಕ್ಟೋಬರ್‌ನಲ್ಲಿ ಕಾಂಗ್ರೆಸ್ ಸರ್ಕಾರ 43 ಕೇಸುಗಳಿಗೆ ಹಾಗೆಯೇ ಮಾಡಿತು. 2025ರ ಮೇ 29ರಂದು ಹೈಕೋರ್ಟ್ ಆ ಆದೇಶವನ್ನು ರದ್ದುಗೊಳಿಸಿತು. ಕಾನೂನಿನ ಪ್ರಕಾರ ಕೇಸು ಹಿಂಪಡೆಯಲು ಕೋರುವವರು ಅಭಿಯೋಜಕರು. ಅವರು ಸ್ವಂತ ವಿವೇಚನೆ ಬಳಸಬೇಕು, ನ್ಯಾಯಾಲಯ ಒಪ್ಪಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 360ನೇ ಕಲಮಿನಂತೆ ಸಂತ್ರಸ್ತರ ಮಾತು ಕೇಳದೆ ಹಿಂಪಡೆಯಲು ಅನುಮತಿ ಕೊಡುವಂತಿಲ್ಲ. ಇದನ್ನು ನಮ್ಮ ಗುರಿಕಾರರು ಪ್ರತಿ ಮನೆಗೂ ತಿಳಿಸಬೇಕು.

ಸಕಲೇಶಪುರ ಪರಿಶಿಷ್ಟ ಜಾತಿಗೆ ಮೀಸಲಾದ ವಿಧಾನಸಭಾ ಕ್ಷೇತ್ರ, ಆಲೂರೂ ಅದರೊಳಗೇ ಇದೆ. ದಲಿತರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ 1995ರ ನಿಯಮಗಳು ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತವೆ. ಈ ಕೇಸುಗಳನ್ನು ನಡೆಸುವ ವಿಶೇಷ ಅಭಿಯೋಜಕರ ಕೆಲಸವನ್ನು ಪ್ರತಿ ವರ್ಷ ಜನವರಿ ಮತ್ತು ಜುಲೈನಲ್ಲಿ ಜಿಲ್ಲಾಧಿಕಾರಿಗಳು ಪರಿಶೀಲಿಸಿ ಸರ್ಕಾರಕ್ಕೆ ವರದಿ ಕೊಡಬೇಕು. ಸಂತ್ರಸ್ತರು ಬಯಸಿದರೆ ಅನುಭವಿ ಹಿರಿಯ ವಕೀಲರನ್ನು ನೇಮಿಸಲೂ ಅವಕಾಶವಿದೆ. ಜಿಲ್ಲಾ ಜಾಗೃತಿ ಮತ್ತು ಉಸ್ತುವಾರಿ ಸಮಿತಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಅದರಲ್ಲಿ ಸಂಸದರು, ಶಾಸಕರು ಸದಸ್ಯರು. ಮತ ಕೇಳಲು ಮನೆಗೆ ಬಂದವರನ್ನು, 'ಎಷ್ಟು ಸಭೆಗೆ ಹೋಗಿದ್ದೀರಿ ಸ್ವಾಮಿ?' ಎಂದು ಕೇಳಲು ಯಾರ ಅಪ್ಪಣೆಯೂ ಬೇಕಿಲ್ಲ.

ಒಂದು ಎಚ್ಚರಿಕೆ ಮಾತ್ರ ಹೇಳಬೇಕು. ನಮ್ಮವರ ಕೇಸು ಬಂದಾಗ ಶಾಸಕರಿಂದ ಸರ್ಕಾರಿ ವಕೀಲರಿಗೆ ಫೋನ್ ಮಾಡಿಸುವುದು ಹೊಣೆ ಕೇಳುವುದಲ್ಲ, ಹಸ್ತಕ್ಷೇಪ. ಪಾದ್ರಿಗಳಾದ ನಮ್ಮಲ್ಲಿಗೂ ಇಂತಹ ಶಿಫಾರಸಿಗಾಗಿ ಜನ ಬರುತ್ತಾರೆ. ಅಭಿಯೋಜಕರ ಕೆಲಸ ಹೇಗಾದರೂ ಮಾಡಿ ಶಿಕ್ಷೆ ಕೊಡಿಸುವುದೂ ಅಲ್ಲ. ನಿರಪರಾಧಿಗೆ ಅನುಕೂಲವಾದ ಸಾಕ್ಷ್ಯವನ್ನೂ ಅವರು ಮುಚ್ಚಿಡುವಂತಿಲ್ಲ. ನಾವು ಕೇಳಬೇಕಾದದ್ದು ಬೇರೆ: ಹುದ್ದೆ ಖಾಲಿ ಇದೆಯೇ, ಸಾಕ್ಷಿಗಳಿಗೆ ಸಮನ್ಸ್ ತಲುಪಿತೇ, ಎಷ್ಟು ಕೇಸುಗಳಲ್ಲಿ ಸಾಕ್ಷಿ ತಿರುಗಿ ಬಿದ್ದರು, ಖುಲಾಸೆಯಾದಾಗ ಮೇಲ್ಮನವಿ ಹಾಕಿದರೇ.

ಮುಂದಿನ ವಿಧಾನಸಭಾ ಚುನಾವಣೆ 2028ರಲ್ಲಿ ಬರಬೇಕು. ಅಲ್ಲಿಯವರೆಗೆ ಕಾಯುವ ಅಗತ್ಯವಿಲ್ಲ. ಸಮಿತಿಯ ಸಭಾ ನಡಾವಳಿಯ ಪ್ರತಿ ಕೋರಿ ಹಾಸನದ ಜಿಲ್ಲಾಧಿಕಾರಿ ಕಚೇರಿಗೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ. ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. 30 ದಿನದಲ್ಲಿ ಉತ್ತರ ಬರಬೇಕು.