ಸಾರು, ಆರು ಮತ್ತು ಕಾರಿನ ಸ್ಪೀಕರು

ನಮ್ಮ ಮನೆಯ ಕಾರಿಗೆ ಈಗ 11 ವರ್ಷ, ನನಗೆ 73. ಇಬ್ಬರಲ್ಲಿ ಮೊದಲು ಗಂಟಲು ಕೆಟ್ಟದ್ದು ಕಾರಿನದು. ಹೊಸಪೇಟೆಯಿಂದ ಸಂಡೂರಿನ ಕಡೆ ಓಡಾಡುವವರಿಗೆ ಗೊತ್ತು, ಅದಿರಿನ ಕೆಂಪು ಧೂಳು ಗಾಜು ಏರಿಸಿಕೊಂಡರೂ ಒಳಗೆ ಬರುತ್ತದೆ. ಜೊತೆಗೆ ಮಳೆನೀರು. ಬಾಗಿಲ ಗಾಜಿನ ಮೇಲೆ ಬಿದ್ದ ನೀರು ಬಾಗಿಲ ಹೊಟ್ಟೆಯೊಳಗೇ ಇಳಿದು, ಕೆಳಗಿನ ಸಣ್ಣ ತೂತುಗಳಿಂದ ಹೊರಗೆ ಹೋಗುತ್ತದೆ. ಸ್ಪೀಕರ್ ಕೂತಿರುವುದೂ ಅದೇ ಹೊಟ್ಟೆಯಲ್ಲಿ. ಅದರ ಕಾಗದದ ಕೋನು ನೆನೆದು, ಒಣಗಿ, ಸೀಳಿ, ಕೊನೆಗೆ ಯಾವ ಹಾಡು ಹಾಕಿದರೂ ಹಪ್ಪಳ ಮುರಿದ ಸದ್ದು ಬರತೊಡಗಿತು.

“ಹಾಡಿಲ್ಲದಿದ್ದರೆ ಕಾರು ಓಡುವುದಿಲ್ಲವೇನು?” ಎಂದು ನಾನು ಸುಮ್ಮನಿದ್ದೆ. ಆದರೆ ನಮ್ಮವಳಿಗೆ ಅದು ಹಾಡಿನ ಪ್ರಶ್ನೆ ಆಗಿರಲಿಲ್ಲ. ಅವಳ ತಾಯಿ ಸೋಬಾನೆ ಪದ ಹೇಳುವುದರಲ್ಲಿ ಊರಿಗೆ ಹೆಸರಾದವರು. 1988ರಲ್ಲಿ ಒಂದು ಮದುವೆಯಲ್ಲಿ ಯಾರೋ ಟೇಪ್ ರೆಕಾರ್ಡರ್ ಇಟ್ಟು ಅವರ ಪದಗಳನ್ನು ಹಿಡಿದಿದ್ದರು. ಅವರು ತೀರಿಕೊಂಡು ಎಷ್ಟೋ ವರ್ಷವಾಯಿತು, ಉಳಿದಿರುವುದು ಆ ಒಂದು ಕ್ಯಾಸೆಟ್ಟು. ಮಗ ಅದನ್ನು ಪೆನ್‌ಡ್ರೈವಿಗೆ ಹಾಕಿಸಿಕೊಟ್ಟಿದ್ದಾನೆ. ಕಂಪ್ಲಿಯಲ್ಲಿರುವ ತಂಗಿಯನ್ನು ನೋಡಲು ಹೋಗುವಾಗಲೆಲ್ಲ ಕಮಲಾಪುರ ದಾಟುತ್ತಿದ್ದಂತೆ ಅವಳು ಆ ಪೆನ್‌ಡ್ರೈವ್ ಸಿಕ್ಕಿಸುತ್ತಾಳೆ. ಮನೆಯಲ್ಲಿ ಹಾಕುವುದಿಲ್ಲ. ಕಾರಿನಲ್ಲಿ ಯಾರೂ ಬಾಗಿಲು ಬಡಿಯುವುದಿಲ್ಲವಂತೆ.

ಹಾಗಾಗಿ ಸ್ಪೀಕರ್ ಹಾಕಿಸುವುದು ಎಂದಾಯಿತು. ಹತ್ತನೇ ತರಗತಿಯ ಮೊಮ್ಮಗ ನನ್ನ ಸಲಹೆಗಾರ.

ಅಂಗಡಿಯಲ್ಲಿ ಡಬ್ಬಿಗಳನ್ನು ಸಾಲಾಗಿ ಇಟ್ಟರು. ಒಂದರ ಮೇಲೆ 300 ವ್ಯಾಟ್, ಇನ್ನೊಂದರ ಮೇಲೆ 450 ವ್ಯಾಟ್ ಎಂದು ಬೆರಳುದ್ದದ ಅಕ್ಷರ. ನಾನು ಮೂವತ್ತೈದು ವರ್ಷ ಬ್ಯಾಂಕಿನ ಲೆಡ್ಜರ್ ಬರೆದವನು. ದೊಡ್ಡ ಅಕ್ಷರ ಕಂಡರೆ ಸಣ್ಣ ಅಕ್ಷರ ಎಲ್ಲಿದೆ ಎಂದು ಹುಡುಕುವ ಚಾಳಿ ಇನ್ನೂ ಹೋಗಿಲ್ಲ. ಡಬ್ಬಿ ತಿರುಗಿಸಿದರೆ ಹಿಂದೆ “ಆರ್‌ಎಂಎಸ್ 45 ವ್ಯಾಟ್” ಎಂದಿತ್ತು. ಮಕ್ಕಳೇ, ಇದನ್ನು ಹೀಗೆ ತಿಳಿಯಿರಿ. ಸಂಬಳದ ದಿನ ಬೆಳಿಗ್ಗೆ ಹತ್ತು ಗಂಟೆಗೆ ಪಾಸ್‌ಬುಕ್ಕಿನಲ್ಲಿ ಕಾಣುವ ಮೊತ್ತ ಒಂದು, ತಿಂಗಳಿಡೀ ಖಾತೆಯಲ್ಲಿ ನಿಲ್ಲುವ ಸರಾಸರಿ ಮೊತ್ತ ಇನ್ನೊಂದು. ಮುಂದೆ ಬರೆಯುವುದು ಸಂಬಳದ ದಿನದ ಲೆಕ್ಕ, ಸ್ಪೀಕರ್ ಒಂದು ಕ್ಷಣ ಮಾತ್ರ ತಡೆದುಕೊಳ್ಳುವ ಶಕ್ತಿ. ಆರ್‌ಎಂಎಸ್ ಎಂದರೆ ಗಂಟೆಗಟ್ಟಲೆ ತಡೆದುಕೊಳ್ಳುವ ಶಕ್ತಿ. ಸಾಲ ಕೊಡುವಾಗ ನಾವು ನೋಡುತ್ತಿದ್ದದ್ದು ಎರಡನೆಯದನ್ನೇ. ಇನ್ನೂ ಒಂದು ಮಾತು: ಕಾರಿನ ಡ್ಯಾಶ್‌ಬೋರ್ಡಿನಲ್ಲಿರುವ ಸಾಧಾರಣ ಸೆಟ್ಟು ಒಂದೊಂದು ಸ್ಪೀಕರಿಗೆ ನಿಜವಾಗಿ ಕೊಡುವುದು 15ರಿಂದ 20 ವ್ಯಾಟ್. ಅದರ ಮುಖದ ಮೇಲೆ 50 ಗುಣಿಸು 4 ಎಂದು ಬರೆದಿದ್ದರೂ ಅಷ್ಟೇ. ಪ್ರತ್ಯೇಕ ಆಂಪ್ಲಿಫೈಯರ್ ಇಲ್ಲದವರು 450ಕ್ಕೆ ದುಡ್ಡು ಸುರಿಯುವುದು ಬೋರಿಲ್ಲದ ಹೊಲಕ್ಕೆ ಹತ್ತು ಎಚ್‌ಪಿ ಪಂಪ್‌ಸೆಟ್ ತಂದ ಹಾಗೆ.

ಡಬ್ಬಿಯ ಹಿಂದೆ ನಾನು ನೋಡಿದ ಇನ್ನೊಂದು ಅಂಕಿ ಡೆಸಿಬೆಲ್. ಒಂದು ಸ್ಪೀಕರಿಗೆ 88 ಎಂದಿತ್ತು, ಮತ್ತೊಂದಕ್ಕೆ 91. ಮೂರೇ ಅಂಕಿ ವ್ಯತ್ಯಾಸ ಎಂದುಕೊಳ್ಳಬೇಡಿ. ಡೆಸಿಬೆಲ್ ಲೆಕ್ಕ ಚಕ್ರಬಡ್ಡಿಯಂಥದ್ದು, 3 ಹೆಚ್ಚಾದರೆ ಶಕ್ತಿ ಎರಡರಷ್ಟು. 88ರ ಸ್ಪೀಕರ್ 20 ವ್ಯಾಟ್ ತಿಂದು ಮಾಡುವ ಸದ್ದನ್ನು 91ರದು 10 ವ್ಯಾಟ್‌ನಲ್ಲೇ ಮಾಡುತ್ತದೆ. ನಮ್ಮಂಥ ಸಣ್ಣ ಸೆಟ್ಟಿನವರಿಗೆ ಇದೇ ಮುಖ್ಯ. ಓಮ್ ಎಷ್ಟು ಎಂದೂ ನೋಡಬೇಕು. ಕಾರಿನ ಸೆಟ್ಟುಗಳು ಸಾಮಾನ್ಯವಾಗಿ 4 ಓಮ್ ಸ್ಪೀಕರಿಗೆ ಹೊಂದುವಂತೆ ಮಾಡಿರುತ್ತವೆ. ಅದಕ್ಕಿಂತ ಕಡಿಮೆಯದನ್ನು ಹಾಕಿದರೆ ಸೆಟ್ಟು ಬಿಸಿಯಾಗಿ ಕೆಡಬಹುದು.

ಆರೂವರೆ ಇಂಚಿನದೇ ನಮ್ಮ ಬಾಗಿಲಿಗೆ ಕೂರುವುದು, ಆ ಬಗ್ಗೆ ಚರ್ಚೆ ಇರಲಿಲ್ಲ. ಆದರೆ ಆಳವನ್ನು ಅಳೆಯದೆ ತರಬೇಡಿ. ಸ್ಪೀಕರಿನ ಹಿಂದಿನ ಅಯಸ್ಕಾಂತ ದಪ್ಪಗಿದ್ದರೆ ಕೆಳಗಿಳಿಯುವ ಗಾಜು ಅದಕ್ಕೆ ತಗಲುತ್ತದೆ. ಮೊಮ್ಮಗನಿಗೆ ಟ್ವೀಟರ್ ಬೇರೆಯಾಗಿ ಬರುವ ಜೋಡಿ ಬೇಕಿತ್ತು. ಸಣ್ಣ, ತೀಕ್ಷ್ಣ ಸದ್ದು ಮಾಡುವ ಪುಟ್ಟ ಸ್ಪೀಕರೇ ಟ್ವೀಟರ್. ದಪ್ಪ ಸದ್ದು ಎಲ್ಲ ಕಡೆ ಹಬ್ಬುತ್ತದೆ, ತೀಕ್ಷ್ಣ ಸದ್ದು ಟಾರ್ಚಿನ ಬೆಳಕಿನ ಹಾಗೆ ನೇರಕ್ಕೆ ಹೋಗುತ್ತದೆ. ಬಾಗಿಲ ಬುಡದಲ್ಲಿದ್ದರೆ ಅದು ಕೇಳುವುದು ಮೊಣಕಾಲಿಗೆ. ಕನ್ನಡಿಯ ಹತ್ತಿರ ಮೇಲಕ್ಕೆ ಕೂರಿಸಿದರೆ ಕಿವಿಗೆ. ಅವನ ಮಾತು ಸರಿ ಎನಿಸಿ ಒಪ್ಪಿದೆ. ಕೂಲಿ ಸೇರಿ 4,600 ರೂಪಾಯಿ ಆಯಿತು. ಕಾರಿನ ಮೂಲ ವೈರನ್ನು ಕತ್ತರಿಸಬೇಡಿ, ಕಪ್ಲರ್ ಸಿಕ್ಕಿಸಿ ಎಂದು ನಾನು ಹಟ ಹಿಡಿದದ್ದರಿಂದ ಇನ್ನೊಂದು 200.

ಕೂರಿಸುವ ಕೆಲಸ ನೋಡುತ್ತ ನಿಂತಾಗ ನನಗೆ ನೆನಪಾದದ್ದು ಹಂಪಿಯ ವಿಠ್ಠಲ ದೇವಸ್ಥಾನದ ಸರಿಗಮ ಕಂಬಗಳು. ನಾವು ಶಾಲೆಯಿಂದ ಹೋದಾಗ ಮೇಷ್ಟ್ರ ಕಣ್ಣು ತಪ್ಪಿಸಿ ಎಲ್ಲರೂ ಒಂದೊಂದು ಸಲ ಬೆರಳಿನಿಂದ ಬಡಿದದ್ದೇ. ಈಗ ಮುಟ್ಟಲು ಬಿಡುವುದಿಲ್ಲ, ಅದೇ ಸರಿ. ಒಳಗೆ ಟೊಳ್ಳಿರಬೇಕು, ಅದಕ್ಕೇ ಸ್ವರ ಎಂದು ನಾವು ಅಂದುಕೊಂಡಿದ್ದೆವು. ಕಲ್ಪಾಕ್ಕಂನ ಇಂದಿರಾ ಗಾಂಧಿ ಪರಮಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಕಂಬಕ್ಕೆ ನೋವಾಗದ ಹಾಗೆ ಪರೀಕ್ಷಿಸಿ, ಅವು ಗಟ್ಟಿ ಕಲ್ಲೇ ಎಂದು ಹೇಳಿದರು. ಬಡಿದಾಗ ಸಣ್ಣ ಕಂಬ ಕಣ್ಣಿಗೆ ಕಾಣದಷ್ಟು ಬಾಗಿ ಕಂಪಿಸುತ್ತದೆ. ಬುಡ, ತುದಿ ಭದ್ರವಾಗಿರುವುದರಿಂದ ನಡುವಿನದು ಮಾತ್ರ ಹಾಡುತ್ತದೆ. ಸ್ಪೀಕರಿನದೂ ಅದೇ ಸಂಗತಿ. ಕೋನು ಮಾತ್ರ ಅಲುಗಬೇಕು, ಚೌಕಟ್ಟು ಅಲುಗಬಾರದು. ತಗಡಿನ ಬಾಗಿಲು ತಾನೂ ಹಾಡತೊಡಗಿದರೆ ಅದು ಹಾಡಲ್ಲ, ಡಬ್ಬದ ಸದ್ದು. ಅದಕ್ಕೇ ತಗಡಿಗೆ ಅಂಟುವ ದಪ್ಪ ಹಾಳೆ ಹಾಕುತ್ತಾರೆ, ಸ್ಪೀಕರಿನ ಸುತ್ತ ಫೋಮ್ ಪಟ್ಟಿ ಕೂರಿಸಿ ಸಂದು ಮುಚ್ಚುತ್ತಾರೆ. ಸಂದು ಬಿಟ್ಟರೆ ಕೋನಿನ ಮುಂದಿನ ಅಲೆಯೂ ಹಿಂದಿನ ಅಲೆಯೂ ಸೇರಿ ಒಂದನ್ನೊಂದು ನುಂಗುತ್ತವೆ, ತಬಲಾದ ಡಗ್ಗ ಮಾಯವಾಗುತ್ತದೆ.

ಕೆಲಸ ಮುಗಿಯಿತು. ಸಿನಿಮಾ ಹಾಡು ಹಾಕಿದರು, ಜೋರಾಗಿ ಕೇಳಿತು. “ಹೆಂಗೈತಿ ಸಾರ್?” ಎಂದರು. “ಚಲೋ ಐತಿ” ಎಂದು ಹೇಳಿ ಬಂದೆ.

ಮರುವಾರ ಕಂಪ್ಲಿಗೆ ಹೊರಟೆವು. ಕಮಲಾಪುರ ದಾಟಿತು, ಪೆನ್‌ಡ್ರೈವ್ ಸಿಕ್ಕಿಸಿದಳು. ಎರಡು ಪದ ಆಗುವಷ್ಟರಲ್ಲಿ ಬಂದ್ ಮಾಡಿದಳು.

“ಏನ್ರೀ, ಇದು ನಮ್ಮವ್ವನ ಧ್ವನಿ ಅಲ್ಲ.”

“ಹಳೇ ಕ್ಯಾಸೆಟ್ಟು, ಇಷ್ಟಾದರೂ ಉಳಿದಿದೆಯಲ್ಲ” ಎಂದೆ.

“ಅವ್ವ ಎದುರಿಗೆ ಕೂತು ಹೇಳಿದಂಗೆ ಇರ್ತಿತ್ತು. ಈಗ ಎಲ್ಲಿದ್ದಾಳೆ ಅಂತಾನೇ ಗೊತ್ತಾಗಲ್ಲ.”

ಆಮೇಲೆ ಕಂಪ್ಲಿವರೆಗೂ ಮಾತಿಲ್ಲ. ದುಡ್ಡು ಕೊಟ್ಟವನಿಗೆ ತಾನು ಮೋಸ ಹೋದೆ ಎಂದು ಒಪ್ಪುವುದು ಕಷ್ಟ. ಅವಳದೇ ಭ್ರಮೆ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟಿದ್ದೆ.

ಭ್ರಮೆ ಅಲ್ಲ ಎಂದು ಕಂಡುಹಿಡಿದದ್ದು ಮೊಮ್ಮಗ. “ತಾತ, ಪ್ಲಸ್ಸು ಮೈನಸ್ಸು ನೋಡಿದ್ರಾ?” ಎಂದ. ಸ್ಪೀಕರಿಗೆ ಎರಡು ಕಡ್ಡಿ ಇರುತ್ತವೆ, ಸಾಮಾನ್ಯವಾಗಿ ಅಗಲದ್ದು ಪ್ಲಸ್. ಬಲಗಡೆಯದಕ್ಕೆ ಸರಿಯಾಗಿಯೂ ಎಡಗಡೆಯದಕ್ಕೆ ಅದಲುಬದಲಾಗಿಯೂ ವೈರ್ ಕೊಟ್ಟರೆ, ಒಂದು ಕೋನು ಮುಂದೆ ಬರುವಾಗ ಇನ್ನೊಂದು ಹಿಂದೆ ಹೋಗುತ್ತದೆ. ಒಂದರ ಅಲೆ ಏರುವಾಗ ಇನ್ನೊಂದರದು ಇಳಿಯುತ್ತದೆ. ಸಿನಿಮಾ ಹಾಡಿನಲ್ಲಿ ಎಡಕ್ಕೊಂದು ವಾದ್ಯ, ಬಲಕ್ಕೊಂದು ವಾದ್ಯ ಇರುವುದರಿಂದ ನಮ್ಮಂಥವರಿಗೆ ಅಷ್ಟಾಗಿ ತಿಳಿಯುವುದಿಲ್ಲ. ಆದರೆ ಅತ್ತೆಯವರ ಪದ ಒಂದೇ ಮೈಕಿನಲ್ಲಿ ಹಿಡಿದದ್ದು. ಎರಡೂ ಕಡೆ ಅದೇ ಧ್ವನಿ. ಎದುರು ನಿಲ್ಲಬೇಕಾದ ಧ್ವನಿ ಹಾಗಾಗಿ ನಿಲ್ಲಲು ಜಾಗವಿಲ್ಲದೆ ಚದುರಿಹೋಗಿತ್ತು. ನಮ್ಮವಳು ಹೇಳಿದ್ದು ಅಕ್ಷರಶಃ ಅದನ್ನೇ.

ಪರೀಕ್ಷೆ ಸುಲಭ. ಬಾಗಿಲ ಒಳಹಾಸು ಬಿಚ್ಚಿ, ಸ್ಪೀಕರಿನ ವೈರನ್ನು ಸೆಟ್ಟಿನಿಂದ ಬೇರೆ ಮಾಡಿ, ಗೋಡೆ ಗಡಿಯಾರದ ಒಂದೂವರೆ ವೋಲ್ಟ್ ಸೆಲ್ಲನ್ನು ಅರೆಕ್ಷಣ ತಾಗಿಸಬೇಕು. ವೈರಿನ ಪ್ಲಸ್ಸಿಗೆ ಸೆಲ್ಲಿನ ಪ್ಲಸ್ ತಾಗಿದಾಗ ಕೋನು ಹೊರಕ್ಕೆ ಚಿಮ್ಮಿದರೆ ಸರಿ, ಒಳಕ್ಕೆ ಸರಿದರೆ ತಲೆಕೆಳಗು. ಬಲಗಡೆಯದು ಹೊರಕ್ಕೆ ಬಂತು. ಎಡಗಡೆಯದು ಒಳಕ್ಕೆ ಹೋಯಿತು. ಆಮೇಲೆ ನಮ್ಮ ಗಡಿಯಾರ ಎರಡು ದಿನ ನಾಲ್ಕೂಕಾಲಿಗೇ ನಿಂತಿತ್ತು, ಸೆಲ್ ವಾಪಸು ಹಾಕುವುದನ್ನು ಇಬ್ಬರೂ ಮರೆತಿದ್ದೆವು.

ವೈರ್ ಬದಲಿಸಿ, ಮನೆಯ ಮುಂದೆಯೇ ನಿಲ್ಲಿಸಿ ಪದ ಹಾಕಿದೆವು. ನಮ್ಮವಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಂದು ಮುಂದಿನ ಸೀಟಿನಲ್ಲಿ ಕೂತಳು. ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, “ಬಳೆ ಸದ್ದು ಕೇಳ್ತೀರೇನ್ರೀ? ಅವ್ವ ಕೈತಟ್ಟಿ ತಾಳ ಹಾಕ್ತಾಳೆ, ಹಸಿರು ಗಾಜಿನ ಬಳೆ” ಎಂದಳು. ಹಿಂದಿನ ಸೀಟಿನಿಂದ ಮೊಮ್ಮಗ, “ಹೌದಜ್ಜಿ, ಕ್ಲಿಯರ್ ಐತಿ” ಎಂದ.

ನನಗೆ ಕೇಳಲಿಲ್ಲ. ಸದ್ದು ಜಾಸ್ತಿ ಮಾಡಿದೆ, ಆಗಲೂ ಕೇಳಲಿಲ್ಲ. ಟ್ವೀಟರ್ ಕೆಟ್ಟಿದೆ ಎಂದೆ. ಇಬ್ಬರೂ ನನ್ನ ಮುಖ ನೋಡಿದರು.

ಮೊಮ್ಮಗ ಮೊಬೈಲಿನಲ್ಲಿ ಒಂದು ಸೀಟಿ ಸದ್ದು ಹಾಕಿ ಸ್ವರವನ್ನು ಮೇಲೇರಿಸುತ್ತ ಹೋದ. ಅವನಿಗೆ 16,000 ಹರ್ಟ್ಜ್‌ವರೆಗೆ ಕೇಳಿತು, ಅಜ್ಜಿಗೆ 8,000ದ ಹತ್ತಿರ. ನಾನು 4,000 ದಾಟುವ ಮುಂಚೆಯೇ “ಬಂದ್ ಮಾಡಿದೆಯಾ?” ಎಂದು ಕೇಳಿದೆನಂತೆ. ಮೊಬೈಲ್ ಏನು ಡಾಕ್ಟರಲ್ಲ. ಆದರೂ ಆಗ ಒಂದೊಂದೇ ಹೊಳೆಯಿತು. ವಯಸ್ಸಾದಂತೆ ಕಿವಿಯೊಳಗಿನ ಸೂಕ್ಷ್ಮ ಕೋಶಗಳು ಸವೆಯುತ್ತವೆ, ಮೊದಲು ಹೋಗುವುದು ತೀಕ್ಷ್ಣ ಸದ್ದು. ಮಾತಿನಲ್ಲಿ ಸ, ಶ, ಫ ಇವೆಲ್ಲ ಇರುವುದು ಆ ಎತ್ತರದಲ್ಲೇ. ಹಿಂದಿನ ವಾರ ಊಟಕ್ಕೆ ಕೂತಾಗ ಅವಳು “ಸಾರು ಹಾಕ್ಲಾ?” ಎಂದಿದ್ದಳು. “ಆರು ಯಾಕೆ, ಎರಡು ಸಾಕು” ಎಂದು ನಾನು ಚಪಾತಿಯ ಲೆಕ್ಕ ಹೇಳಿದ್ದೆ. ಎಲ್ಲರೂ ನಕ್ಕಿದ್ದರು, ನಾನು ಜೋಕು ಮಾಡಿದೆ ಎಂದುಕೊಂಡು.

ಹುಡುಗರೇ, ನಿಮಗೂ ಒಂದು ಲೆಕ್ಕ ಕೊಟ್ಟುಬಿಡುತ್ತೇನೆ. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಎಂಬುದು ದುಡಿಯುವ ದೊಡ್ಡವರಿಗೆ ಹಾಕಿರುವ ಮಿತಿ. ಆಗಲೇ ಹೇಳಿದೆನಲ್ಲ, 3 ಹೆಚ್ಚಾದರೆ ಶಕ್ತಿ ಎರಡರಷ್ಟು. ಹಾಗಾಗಿ ಸಮಯ ಅರ್ಧ. 88ಕ್ಕೆ 4 ಗಂಟೆ, 91ಕ್ಕೆ 2, 94ಕ್ಕೆ ಒಂದೇ ಗಂಟೆ. 100 ಆದರೆ ಕಾಲು ಗಂಟೆ. ಗಾಜು ಏರಿಸಿದ ಕಾರಿನಲ್ಲಿ 100 ಮುಟ್ಟಿಸುವುದು ಈಗಿನ ಸ್ಪೀಕರುಗಳಿಗೆ ಕಷ್ಟವೇನಲ್ಲ. ಕೂದಲಿನ ಹಾಗೆ ಮತ್ತೆ ಬೆಳೆಯುವ ವಸ್ತುವಲ್ಲ ಕಿವಿಯ ಒಳಗಿನದು. ನಮ್ಮ ಮೊಮ್ಮಗನಿಗೆ ಸಬ್‌ವೂಫರ್ ಬೇಕಂತೆ. ಅರ್ಜಿ ನನ್ನ ಮೇಜಿನ ಮೇಲಿದೆ, ಮಂಜೂರಾಗಿಲ್ಲ.

ನಾನು ಕಿವಿ ಡಾಕ್ಟರ ಬಳಿ ಹೋಗಲು ಮೂರು ವಾರ ತಳ್ಳಿದೆ. ಕನ್ನಡಕ ಹಾಕಲು ಇಲ್ಲದ ನಾಚಿಕೆ ಕಿವಿಗೆ ಯಾಕೋ ಗೊತ್ತಿಲ್ಲ. ಕೊನೆಗೆ ನಮ್ಮವಳೇ, “ನಾಲ್ಕು ಸಾವಿರ ಕೊಟ್ಟು ಕಾರಿಗೆ ಬಾಯಿ ಹಾಕಿಸಿದ್ರಿ, ನಿಮ್ಮ ಕಿವಿಗೆ ಕೊಡಾಕೆ ಏನು?” ಎಂದಳು. ಗಾಜಿನ ಕೋಣೆಯೊಳಗೆ ಕೂರಿಸಿ ಪರೀಕ್ಷೆ ಮಾಡಿದರು. ಕೊಟ್ಟ ನಕ್ಷೆಯಲ್ಲಿ ಗೆರೆ ಎಡದಿಂದ ಬಲಕ್ಕೆ ಹೋಗುತ್ತ ದರೋಜಿ ಗುಡ್ಡ ಇಳಿದ ಹಾಗೆ ಇಳಿದಿತ್ತು. ಎರಡೂ ಕಿವಿಗೆ ಯಂತ್ರ ಬಂತು. ಮೊದಲ ದಿನ ಪೇಪರ್ ಮಡಚುವ ಸದ್ದಿಗೇ ಬೆಚ್ಚಿಬಿದ್ದೆ.

ಮೊನ್ನೆ ಭಾನುವಾರ ಮತ್ತೆ ಕಂಪ್ಲಿಗೆ ಹೋದೆವು. ವಾಪಸು ಬರುವಾಗ ನಾದಿನಿಯೂ ಜೊತೆಗಿದ್ದಳು. ಅಕ್ಕ ತಂಗಿ ಇಬ್ಬರೂ ಮಾತು ನಿಲ್ಲಿಸಿ ಕೇಳುತ್ತಿದ್ದರು. ಬಳೆ ಸದ್ದು ಬಂತು, ಸಣ್ಣಗೆ, ಪದದ ಒಂದೊಂದು ಸಾಲಿನ ಕೊನೆಗೆ. ಅದರ ಹಿಂದೆಯೇ ಇನ್ನೊಂದು ಸದ್ದೂ ಕೇಳಿತು. ಎಡ ಬಾಗಿಲೊಳಗೆ ಒಂದು ಸ್ಕ್ರೂ ಸಡಿಲಾಗಿ ಗಿಲಿಗಿಲಿ ಎನ್ನುತ್ತಿದೆ. ಅದನ್ನು ಬಿಗಿಸದೆ ಬಿಟ್ಟವರು ನಾವೇ. ನಾಳೆ ಒಳಹಾಸು ಮತ್ತೆ ಬಿಚ್ಚಬೇಕು.