ಯುವ ಗೆಳೆಯರೊಡನೆ: ಮನೆ ಬಿಟ್ಟವರು ಕಲಿತ ಮಾತು



ಕಳೆದ ತಿಂಗಳು ಒಂದು ಭಾನುವಾರ ನಮ್ಮ ಸಂಘದ ವಾಚನಾಲಯದಲ್ಲಿ ಕುಳಿತಿದ್ದೆ. ಸದಸ್ಯರೊಬ್ಬರ ಮಗಳು ಬಂದು ಎದುರಿನ ಕುರ್ಚಿಯಲ್ಲಿ ಕುಳಿತಳು. ಹುಟ್ಟಿದ್ದು, ಬೆಳೆದದ್ದು ಎಲ್ಲವೂ ಮುಂಬಯಿಯಲ್ಲೇ. ಧೋಬಿತಲಾವಿನ ಸೇಂಟ್ ಝೇವಿಯರ್ಸ್ ಕಾಲೇಜಿನ ವಿದ್ಯಾರ್ಥಿನಿ. "ಅಂಕಲ್, ಬೇಜಾರು ಮಾಡ್ಕೋಬೇಡಿ, ಒಂದು ಮಾತು ಕೇಳ್ತೇನೆ. ಕಾಲೇಜಿಗೆ ಇಂಗ್ಲಿಷ್ ಸಾಕು, ರೈಲಿನಲ್ಲಿ ಹಿಂದಿ ಸಾಕು, ಊರಿನ ವ್ಯವಹಾರಕ್ಕೆ ಮರಾಠಿ ಇದೆ. ಇದರ ಮಧ್ಯೆ ಕನ್ನಡ ಯಾಕೆ?" ಎಂದಳು. ನಾನು ಬಾಯಿ ತೆರೆಯುವ ಮೊದಲೇ ಸಣ್ಣ ದನಿಯಲ್ಲಿ ಇನ್ನೊಂದು ಮಾತು ಸೇರಿಸಿದಳು: "ಶಿರಸಿಯಿಂದ ಅಜ್ಜಿ ಫೋನ್ ಮಾಡ್ತಾಳೆ. 'ಊಟ ಆಯ್ತಾ' ಅಂತ ಕೇಳಿದ ಮೇಲೆ ಮುಂದೆ ಏನು ಮಾತಾಡಬೇಕು ಅಂತ ನನಗೆ ಬರೋದೇ ಇಲ್ಲ."

ಮೊದಲನೆಯದು ಪ್ರಶ್ನೆ, ಎರಡನೆಯದು ಸಂಕಟ. ಪ್ರಶ್ನೆಗೆ ಉಪದೇಶ ಮಾಡಬಹುದು, ಸಂಕಟಕ್ಕೆ ಉಪದೇಶ ನಾಟುವುದಿಲ್ಲ. ಹಾಗಾಗಿ ನಾನು ಅವಳನ್ನೇ ಕೇಳಿದೆ: "ನಿನ್ನ ಕಾಲೇಜು ಕಟ್ಟಿದವರು ಯಾರು, ಗೊತ್ತೇ?" "ಯಾರೋ ಫಾದರ್‌ಗಳು" ಎಂದಳು. ಮುಂಬಯಿಯ ಝೇವಿಯರ್ಸ್, ಚೆನ್ನೈಯ ಲೊಯೋಲಾ, ಮಂಗಳೂರಿನ ಸೇಂಟ್ ಅಲೋಶಿಯಸ್‌ಗಳಲ್ಲಿ ಓದಿದ ನಿಮ್ಮಲ್ಲಿ ಹಲವರ ಉತ್ತರವೂ ಇಷ್ಟೇ ಇರಬಹುದು. ಆ 'ಯಾರೋ ಫಾದರ್‌ಗಳ' ಕಥೆಯನ್ನೇ ಈ ಸಲ ಹೇಳುತ್ತೇನೆ. ನಮ್ಮಂತೆ ಮನೆ ಬಿಟ್ಟು ಹೊರಟವರ ಕಥೆ ಅದು.

ಸ್ಪೇನ್ ದೇಶದ ಬಾಸ್ಕ್ ಸೀಮೆಯ ಲೊಯೋಲಾ ಎಂಬಲ್ಲಿ 1491ರಲ್ಲಿ ಹುಟ್ಟಿದ ಇಗ್ನೇಷಿಯಸ್ ಮೊದಲು ಕತ್ತಿ ಹಿಡಿದ ಯೋಧ. 1521ರಲ್ಲಿ ಪಾಂಪ್ಲೋನಾ ಕೋಟೆಯ ಕಾಳಗದಲ್ಲಿ ಫಿರಂಗಿಯ ಗುಂಡು ಬಡಿದು ಕಾಲು ಮುರಿಯಿತು. ತಿಂಗಳುಗಟ್ಟಲೆ ಹಾಸಿಗೆ. ಹೊತ್ತು ಕಳೆಯಲು ವೀರರ ಪ್ರೇಮಕಥೆಗಳನ್ನು ಕೇಳಿದನಂತೆ. ಮನೆಯಲ್ಲಿ ಸಿಕ್ಕಿದ್ದು ಕ್ರಿಸ್ತನ ಚರಿತ್ರೆ ಮತ್ತು ಸಂತರ ಚರಿತ್ರೆ ಮಾತ್ರ. ಅವೇ ಆತನ ಬಾಳಿನ ದಿಕ್ಕು ತಿರುಗಿಸಿದವು. ಮುಂದೆ ಓದಬೇಕೆಂಬ ಹಂಬಲ ಹುಟ್ಟಿತು, ಆದರೆ ಓದಿಗೆ ಬೇಕಾದ ಲ್ಯಾಟಿನ್ ಬಾರದು. ಮೂವತ್ತು ದಾಟಿದ ಆ ಗಡ್ಡದ ಮನುಷ್ಯ ಬಾರ್ಸಿಲೋನಾದಲ್ಲಿ ಚಿಕ್ಕ ಹುಡುಗರ ಪಕ್ಕದ ಬೆಂಚಿನಲ್ಲಿ ಕುಳಿತು ವ್ಯಾಕರಣ ಕಲಿತ. ಇಪ್ಪತ್ತು ವರ್ಷಕ್ಕೇ "ಇನ್ನು ಕನ್ನಡ ಅಕ್ಷರ ಕಲಿಯಲು ತಡವಾಯಿತು" ಎನ್ನುವವರು ಇದನ್ನು ಸ್ವಲ್ಪ ನೆನಪಿಡಬೇಕು.

ಪ್ಯಾರಿಸ್ಸಿನಲ್ಲಿ ಓದುವಾಗ ಆತನಿಗೆ ಗೆಳೆಯರು ದೊರೆತರು. 1534ರ ಆಗಸ್ಟ್ 15ರಂದು ಏಳು ಮಂದಿ ಮೊಂಮಾರ್ತ್ರ್ ಗುಡ್ಡದ ಪುಟ್ಟ ಪ್ರಾರ್ಥನಾ ಮಂದಿರದಲ್ಲಿ ಪ್ರತಿಜ್ಞೆ ತೊಟ್ಟರು. 1540ರಲ್ಲಿ ಪೋಪ್ ಮೂರನೆಯ ಪಾಲ್ ಅವರ ಕೂಟಕ್ಕೆ ಮನ್ನಣೆ ಕೊಟ್ಟರು. ಅದೇ ಯೇಸು ಸಭೆ. ಅದರ ಸದಸ್ಯರೇ ಜೆಸ್ವಿಟರು. ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತಗಳು ಬೇರೆ ಸಂನ್ಯಾಸಿ ಸಂಘಗಳಲ್ಲಿರುವಂತೆ ಇವರಿಗೂ ಇವೆ. ಇವರಲ್ಲಿ ಪೂರ್ಣ ದೀಕ್ಷೆ ಪಡೆದ ಗುರುಗಳು ನಾಲ್ಕನೆಯ ವ್ರತವನ್ನೂ ತೊಡುತ್ತಾರೆ: ಪೋಪರು ಯಾವ ದೇಶಕ್ಕೆ ಕಳುಹಿಸಿದರೂ ಹೋಗುವುದು. ಮಠದ ನಾಲ್ಕು ಗೋಡೆಗಳ ಒಳಗೆ ಸೇರಿ ಹೊತ್ತುಹೊತ್ತಿಗೆ ಹಾಡುವ ಪ್ರಾರ್ಥನೆಯ ಕಟ್ಟಳೆ ಇವರಿಗಿಲ್ಲ. ತಮ್ಮದೇ ಆದ ವಿಶೇಷ ಉಡುಪೂ ಇಲ್ಲ. ದಾರಿಯೇ ಇವರ ಮನೆ. ದಾರಿಯಲ್ಲಿರುವವನಿಗೆ ಬೇಕಾದದ್ದು ಮಾತು. ಆದ್ದರಿಂದಲೇ, ಯಾವ ನಾಡಿನಲ್ಲಿ ವಾಸಿಸುವರೋ ಆ ನಾಡಿನ ಭಾಷೆಯನ್ನು ಕಲಿಯಬೇಕೆಂಬುದು ಸಭೆಯ ನಿಯಮಗಳಲ್ಲೇ ಸೇರಿತು.

ಆ ಏಳು ಮಂದಿಯಲ್ಲೊಬ್ಬರು ಫ್ರಾನ್ಸಿಸ್ ಝೇವಿಯರ್. 1542ರಲ್ಲಿ ಗೋವೆಗೆ ಬಂದರು. ತಮಿಳು ಕರಾವಳಿಯ ಮೀನುಗಾರರ ನಡುವೆ ಕೆಲಸ ಮಾಡುವಾಗ ಪ್ರಾರ್ಥನೆಗಳನ್ನು ತಮಿಳಿಗೆ ಮಾಡಿಸಿಕೊಂಡು ಬಾಯಿಪಾಠ ಮಾಡಿದರು. ಅವರ ನಂತರ ಬಂದವರು ಬಾಯಿಪಾಠಕ್ಕೆ ತೃಪ್ತರಾಗಲಿಲ್ಲ. 1556ರಲ್ಲಿ ಗೋವೆಯ ಜೆಸ್ವಿಟ್ ಕಾಲೇಜಿನಲ್ಲಿ ಭಾರತದ ಮೊದಲ ಮುದ್ರಣ ಯಂತ್ರ ಕೆಲಸ ಆರಂಭಿಸಿತು. 1578ರಲ್ಲಿ ಹೆನ್ರಿಕ್ ಹೆನ್ರಿಕ್ಸ್ ಎಂಬ ಪಾದ್ರಿಯ ತಮಿಳು ಪುಸ್ತಕ ಕೊಲ್ಲಂನಲ್ಲಿ ತಮಿಳು ಲಿಪಿಯಲ್ಲೇ ಅಚ್ಚಾಯಿತು. ಇಂಗ್ಲೆಂಡಿನ ಥಾಮಸ್ ಸ್ಟೀಫನ್ಸ್ 1579ರಲ್ಲಿ ಗೋವೆಗೆ ಬಂದು ಅಲ್ಲಿನ ಭಾಷೆಗಳಲ್ಲಿ ಎಷ್ಟು ಮುಳುಗಿದರೆಂದರೆ, ಮರಾಠಿಯ ಓವಿ ಛಂದಸ್ಸಿನಲ್ಲಿ ಸಾವಿರಾರು ಪದ್ಯಗಳ 'ಕ್ರಿಸ್ತಪುರಾಣ'ವನ್ನೇ ರಚಿಸಿದರು. 1616ರಲ್ಲಿ ಅದು ಅಚ್ಚಾಯಿತು. ಅವರು ಬರೆದ 'ಕಾನಾರಿಂ' ಭಾಷೆಯ ವ್ಯಾಕರಣ ಅವರು ತೀರಿಕೊಂಡ ಮೇಲೆ 1640ರಲ್ಲಿ ಹೊರಬಂತು. ಹೆಸರು ನೋಡಿ ಕನ್ನಡ ವ್ಯಾಕರಣವೆಂದು ಹಿಗ್ಗಬೇಡಿ. ಪೋರ್ಚುಗೀಸರು ಕೊಂಕಣಿಯನ್ನೇ ಹಾಗೆ ಕರೆಯುತ್ತಿದ್ದರು.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾಗುತ್ತದೆ. ಪಾದ್ರಿಗಳು ಬಂದದ್ದು ಪೋರ್ಚುಗೀಸರ ಹಡಗಿನಲ್ಲಿ, ನಿಂತದ್ದು ಅವರ ಕೋವಿಯ ನೆರಳಿನಲ್ಲಿ. ಇದೇ ಸಭೆಗೆ ಒಪ್ಪಿಸಿದ್ದ ಗೋವೆಯ ಸಾಷ್ಟಿ ಸೀಮೆಯಲ್ಲಿ ದೇವಾಲಯಗಳು ಉರುಳಿದವು. 1583ರಲ್ಲಿ ಕುಂಕಳ್ಳಿಯ ಜನ ರೊಚ್ಚಿಗೆದ್ದು ಐವರು ಜೆಸ್ವಿಟರನ್ನು ಕೊಂದರು. ಬಳಿಕ ಪೋರ್ಚುಗೀಸರು ಊರಿನ ಮುಖಂಡರನ್ನು ಕೊಂದು ಸೇಡು ತೀರಿಸಿಕೊಂಡರು. ಆ ಕಾಲದಲ್ಲಿ ದೇವರ ಮೂರ್ತಿಗಳನ್ನು ಹೊತ್ತು ದಕ್ಷಿಣಕ್ಕೆ ಬಂದವರ ವಂಶಜರು ಇಂದಿಗೂ ನಮ್ಮ ಕರಾವಳಿಯಲ್ಲಿದ್ದಾರೆ. ಮುಂದೆ ಬೇರೆ ಬೇರೆ ಕಾರಣಗಳಿಂದ ಗೋವೆ ಬಿಟ್ಟು ಬಂದ ಕ್ರೈಸ್ತರ ವಂಶಜರೂ ಅದೇ ಕರಾವಳಿಯಲ್ಲಿದ್ದಾರೆ. ಇಬ್ಬರ ಮನೆಮಾತೂ ಕೊಂಕಣಿ. 1684ರಲ್ಲಿ ಪೋರ್ಚುಗೀಸ್ ವೈಸ್‌ರಾಯ್ ಗೋವೆಯಲ್ಲಿ ಕೊಂಕಣಿಯನ್ನು ನಿಲ್ಲಿಸುವ ಆಜ್ಞೆ ಹೊರಡಿಸಿದ. ಒಂದು ಕೈ ವ್ಯಾಕರಣ ಬರೆಯಿತು, ಇನ್ನೊಂದು ಕೈ ಬಾಯಿ ಮುಚ್ಚಿಸಹೊರಟಿತು. ಆದರೂ ಆ ಭಾಷೆ ಉಳಿಯಿತು. ಹೇಗೆಂದು ಕೇಳುತ್ತೀರಾ? ಮನೆಯಲ್ಲಿ ತಾಯಂದಿರು ಆಡುವುದನ್ನು ಬಿಡಲಿಲ್ಲ, ಅಷ್ಟೇ.

ಕನ್ನಡದ ವಿಷಯಕ್ಕೆ ಬರೋಣ. 17ನೇ ಶತಮಾನದ ಮಧ್ಯದಲ್ಲಿ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, ಲಿಯೊನಾರ್ದೊ ಚಿನ್ನಾಮಿ ಎಂಬ ಇಟಲಿಯ ಜೆಸ್ವಿಟ್ ಶ್ರೀರಂಗಪಟ್ಟಣಕ್ಕೆ ಬಂದರು. ಇಲ್ಲಿ ಪೋರ್ಚುಗೀಸರ ಕೋವಿ ಇರಲಿಲ್ಲ, ಒಡೆಯರ ಅನುಮತಿಯೇ ಆಧಾರ. ಮಧುರೆಯಲ್ಲಿ ರಾಬರ್ಟ್ ಡಿ ನೊಬಿಲಿ ಕಾವಿ ಉಟ್ಟು, ಮಾಂಸ ಬಿಟ್ಟು ಬಾಳಿ ತೋರಿಸಿದ್ದ ಸಂನ್ಯಾಸಿಯ ರೀತಿಯನ್ನೇ ಚಿನ್ನಾಮಿ ಹಿಡಿದರು. ಕನ್ನಡ ಕಲಿತರು, ಕನ್ನಡದ ವ್ಯಾಕರಣ, ಪದಕೋಶ, ಧರ್ಮೋಪದೇಶದ ಪುಸ್ತಕ ಬರೆದರು. ಕಿಟ್ಟೆಲರ ನಿಘಂಟು ಬಂದದ್ದು 1894ರಲ್ಲಿ. ಅದಕ್ಕೂ ಇನ್ನೂರು ವರ್ಷ ಹಿಂದಿನ ಮಾತಿದು.

ಯುರೋಪಿನ ದೊರೆಗಳಿಗೂ ಜೆಸ್ವಿಟರಿಗೂ ವೈಮನಸ್ಯ ಬೆಳೆಯಿತು. 1759ರಲ್ಲಿ ಪೋರ್ಚುಗಲ್ ಇವರನ್ನು ತನ್ನ ಸೀಮೆಗಳಿಂದ ಹೊರಹಾಕಿತು. 1773ರಲ್ಲಿ ಸ್ವತಃ ಪೋಪರೇ ಸಭೆಯನ್ನು ವಿಸರ್ಜಿಸಿದರು. ಮತ್ತೆ ಜೀವ ಬಂದದ್ದು 1814ರಲ್ಲಿ. ಮಂಗಳೂರಿಗೆ ಇಟಲಿಯ ಜೆಸ್ವಿಟರು ಬಂದದ್ದು 1878ರ ಕೊನೆಯ ದಿನ. 1880ರಲ್ಲಿ ಸೇಂಟ್ ಅಲೋಶಿಯಸ್ ಕಾಲೇಜು ಆರಂಭವಾಯಿತು. ಆ ಅಲೋಶಿಯಸ್ ಯಾರು ಬಲ್ಲಿರಾ? ಸಂಸ್ಥಾನಿಕರ ಮನೆಯ ಹಿರಿಯ ಮಗ. ಹಕ್ಕುಬಾಧ್ಯತೆ ಬಿಟ್ಟು ಸಭೆ ಸೇರಿ, ರೋಮಿನಲ್ಲಿ ಸಾಂಕ್ರಾಮಿಕ ರೋಗಿಗಳ ಸೇವೆ ಮಾಡುತ್ತಾ ತಾನೂ ರೋಗ ತಗಲಿ 1591ರಲ್ಲಿ ತೀರಿಕೊಂಡಾಗ ಆತನಿಗೆ ಇಪ್ಪತ್ತಮೂರು ವರ್ಷ, ಹೆಚ್ಚುಕಡಿಮೆ ನಿಮ್ಮ ವಯಸ್ಸು. ಆ ಕಾಲೇಜಿನ ಪ್ರಾರ್ಥನಾ ಮಂದಿರದ ಗೋಡೆ, ಛಾವಣಿಗಳ ಮೇಲೆ ಬ್ರದರ್ ಮೊಸ್ಕೇನಿ ಬಿಡಿಸಿದ ಚಿತ್ರಗಳನ್ನು ಊರಿಗೆ ಹೋದಾಗ ತಪ್ಪದೆ ನೋಡಿ ಬನ್ನಿ. ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆಯ ಮೂಲವೂ 1880ರಲ್ಲಿ ಒಬ್ಬ ಜೆಸ್ವಿಟ್ ಪಾದ್ರಿ ತೆರೆದ ಹೋಮಿಯೋಪತಿ ಔಷಧಾಲಯವೇ.

ಇನ್ನು ನಮ್ಮ ಹುಡುಗಿಯ ಕಾಲೇಜು. ಅದನ್ನು 1869ರಲ್ಲಿ ಆರಂಭಿಸಿದವರು ಜರ್ಮನಿಯ ಜೆಸ್ವಿಟರು. 1922ರಲ್ಲಿ ಅಲ್ಲಿಗೆ ಸ್ಪೇನಿನ ಫಾದರ್ ಹೆನ್ರಿ ಹೆರಾಸ್ ಬಂದರು. 1926ರಲ್ಲಿ ಇತಿಹಾಸ ಸಂಶೋಧನ ಸಂಸ್ಥೆ ಕಟ್ಟಿದರು. ಈಗ ಅದಕ್ಕೆ ಅವರದೇ ಹೆಸರು. ಮರುವರ್ಷ ವಿಜಯನಗರದ ಅರವೀಡು ವಂಶದ ಬಗ್ಗೆ ದೊಡ್ಡ ಗ್ರಂಥ ಪ್ರಕಟಿಸಿದರು. ಅವರ ಶಿಷ್ಯ ಜಾರ್ಜ್ ಮೊರಾಯಿಸ್ 1931ರಲ್ಲಿ 'ಕದಂಬ ಕುಲ' ಎಂಬ ಗ್ರಂಥ ಹೊರತಂದರು. "ಕದಂಬರ ರಾಜಧಾನಿ ಯಾವುದು?" ಎಂದು ಹುಡುಗಿಯನ್ನು ಕೇಳಿದೆ. ತಲೆಯಾಡಿಸಿದಳು. "ಬನವಾಸಿ. ನಿನ್ನ ಅಜ್ಜಿಯ ಶಿರಸಿಗೆ ಹತ್ತಿರದಲ್ಲೇ ಇದೆ" ಎಂದೆ. ಬಾರ್ಸಿಲೋನಾದಿಂದ ಬಂದವರ ಶಿಷ್ಯರು ಅವಳ ಅಜ್ಜಿಯ ಹಿತ್ತಿಲ ಚರಿತ್ರೆಯನ್ನು ಅವಳದೇ ಕಾಲೇಜಿನ ಬಳಗದಿಂದ ಬರೆದಿದ್ದಾರೆ. ಅವಳಿಗೆ ಅದು ಗೊತ್ತಿರಲಿಲ್ಲ. ಅವಳ ಕಣ್ಣು ಅರಳಿದ್ದನ್ನು ನಾನು ನೋಡಿದೆ.

ದೆಹಲಿಯಲ್ಲಿರುವ ಗೆಳೆಯರಿಗೆ ಇನ್ನೊಂದು ಹೆಸರು ಹೇಳಬೇಕು: ಫಾದರ್ ಕಾಮಿಲ್ ಬುಲ್ಕೆ. 1909ರಲ್ಲಿ ಬೆಲ್ಜಿಯಂನಲ್ಲಿ ಹುಟ್ಟಿದ ಅವರ ಮನೆಮಾತು ಫ್ಲೆಮಿಶ್. ಆಗ ಅಲ್ಲಿ ಫ್ರೆಂಚ್ ಬಲ್ಲವನೇ ದೊಡ್ಡವನು. ವಿದ್ಯಾರ್ಥಿಯಾಗಿದ್ದಾಗಲೇ ತಾಯಿನುಡಿಯ ಮಾನಕ್ಕಾಗಿ ನಿಂತವರು ಬುಲ್ಕೆ. 1935ರಲ್ಲಿ ಭಾರತಕ್ಕೆ ಬಂದಾಗ ಇಲ್ಲಿನ ಓದಿದವರು ತಮ್ಮ ಭಾಷೆಯನ್ನು ಬಿಟ್ಟು ಇಂಗ್ಲಿಷಿಗೆ ಜೋತುಬಿದ್ದದ್ದು ಕಂಡು ನೊಂದರು. ಹಿಂದಿ ಕಲಿತು, ರಾಮಕಥೆಯ ಹುಟ್ಟು ಬೆಳವಣಿಗೆಗಳ ಬಗ್ಗೆ ಅಲಹಾಬಾದ್ ವಿಶ್ವವಿದ್ಯಾಲಯಕ್ಕೆ ಹಿಂದಿಯಲ್ಲೇ ಪ್ರಬಂಧ ಬರೆದರು. 1968ರಲ್ಲಿ ಇಂಗ್ಲಿಷ್-ಹಿಂದಿ ನಿಘಂಟು ತಂದರು. 1974ರಲ್ಲಿ ಪದ್ಮಭೂಷಣ ಬಂತು. ತಾಯಿನುಡಿಯನ್ನು ಪ್ರೀತಿಸಿ ಗೊತ್ತಿದ್ದವರಿಗೆ ಮಾತ್ರ ಪರರ ನುಡಿಯ ಬೆಲೆ ತಿಳಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಗೆಳೆಯರೇ, ಮನೆ ಬಿಟ್ಟು ಹೊರಟವನಿಗೆ ಎರಡು ಋಣಗಳಿವೆ. ಅನ್ನ ಕೊಟ್ಟ ಊರಿನ ಮಾತನ್ನು ಕಲಿಯುವುದು ಒಂದು. ಮರಾಠಿಯನ್ನೋ ತಮಿಳನ್ನೋ ತೆಲುಗನ್ನೋ ಚೆನ್ನಾಗಿ ಕಲಿತು ನೀವು ಅದನ್ನು ತೀರಿಸುತ್ತಿದ್ದೀರಿ, ಸಂತೋಷ. ಹಿಂದೆ ಉಳಿದವರೊಡನೆ ಮಾತು ಕಡಿಯದಿರುವುದು ಇನ್ನೊಂದು. ಇಗ್ನೇಷಿಯಸ್ ಬರೆದ ಪತ್ರಗಳು ಸುಮಾರು ಏಳು ಸಾವಿರ. ದೂರದ ದ್ವೀಪಗಳಲ್ಲಿ ಅಲೆಯುತ್ತಿದ್ದ ಝೇವಿಯರ್, ಗೆಳೆಯರ ಪತ್ರಗಳಿಂದ ಅವರ ಸಹಿಗಳನ್ನು ಕತ್ತರಿಸಿ ತೆಗೆದು ಸದಾ ತಮ್ಮ ಜೊತೆ ಇಟ್ಟುಕೊಂಡಿದ್ದರು.

ಎರಡು ವಾರದ ನಂತರ ಹುಡುಗಿ ಮತ್ತೆ ಸಿಕ್ಕಿದಳು. ಅಜ್ಜಿಯ ಫೋನ್ ಬಂದಾಗ ಊಟದ ಮಾತು ಮುಗಿದ ಮೇಲೆ "ಅಜ್ಜೀ, ನೀನು ಬನವಾಸಿ ನೋಡಿದ್ದೀಯಾ?" ಎಂದು ಕೇಳಿದಳಂತೆ. ಅಜ್ಜಿ ಮಧುಕೇಶ್ವರನ ತೇರಿನಿಂದ ಶುರುಮಾಡಿ ತನ್ನ ಮದುವೆಯ ವರೆಗೆ ಬಂದಳಂತೆ. "ಎಷ್ಟೋ ಶಬ್ದ ಗೊತ್ತಾಗಲಿಲ್ಲ ಅಂಕಲ್, ಬರೆದಿಟ್ಟುಕೊಂಡೆ" ಎಂದು ಚೀಟಿ ತೋರಿಸಿದಳು. ಇಂಗ್ಲಿಷ್ ಅಕ್ಷರಗಳಲ್ಲಿ ಬರೆದ ಕನ್ನಡ. ಇರಲಿ, ಅಕ್ಷರ ಮುಂದಿನ ತಿಂಗಳು ಕಲಿಯುತ್ತಾಳೆ.

ನಿಮ್ಮ ಚೀಟಿಯಲ್ಲಿ ಯಾವ ಶಬ್ದಗಳಿವೆ? ನನಗೆ ಬರೆದು ತಿಳಿಸಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.